ವಿಷದ ಹೊಗೆಗೆ ಕರುಣೆಯ ಹೆಸರೇಕೆ?

ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಬಂಡೆಗೆ ಬಡಿದ ಕಾವೇರಿ ಹೊಗೆಯಾಗಿ ಏಳುತ್ತಾಳೆ. ಆ ಹೊಗೆ ಮೈಗೆ ತಂಪು. ಅದೇ ನೀರು ಕೆಳಗೆ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ನಿಂತು ನಮ್ಮ ಮನೆಗಳಿಗೆ ಬರುತ್ತದೆ. ಕುಡಿಯುವ ನೀರನ್ನು ಶುದ್ಧಿಗೊಳಿಸುವ ಕ್ಲೋರಿನ್ನನ್ನೇ 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಗಾಳಿಗೆ ಬಿಟ್ಟಿತು. ನಾಲ್ಕು ದಿನಗಳ ತರುವಾಯ ಆ ವಿಷವನ್ನು ಎದುರಿಸಿದವರಲ್ಲಿ ಭಾರತದ ಲಾಹೋರ್ ಡಿವಿಜನ್ನಿನ ಸಿಪಾಯಿಗಳೂ ಇದ್ದರು. ಮೂಗು ಬಾಯಿಗೆ ಒದ್ದೆ ಬಟ್ಟೆಯೊಂದೇ ರಕ್ಷಣೆ. ಕ್ಲೋರಿನ್ ಗಾಳಿಗಿಂತ ಭಾರವಾದುದು. ಗುಂಡಿನಿಂದ ಪಾರಾಗಲು ತೋಡಿದ ಕಂದಕಕ್ಕೇ ಅದು ಇಳಿಯುತ್ತದೆ. ಶ್ವಾಸಕೋಶದ ತೇವದೊಡನೆ ಬೆರೆತು ಆಮ್ಲವಾಗುತ್ತದೆ. ಒಣನೆಲದ ಮೇಲಿದ್ದೇ ಸೈನಿಕನು ತನ್ನೊಳಗಿನ ನೀರಿನಲ್ಲಿ ಮುಳುಗಿ ಸಾಯುತ್ತಾನೆ.

ಇಂತಹುದಕ್ಕೂ ವಕಾಲತ್ತು ನಡೆಯಿತು. ಮುಂದೆ ಭಾರತದ ಪೌರತ್ವವನ್ನೇ ಪಡೆದ ಮಹಾವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1925ರಲ್ಲಿ ‘ಕ್ಯಾಲಿನಿಕಸ್’ ಎಂಬ ಪುಸ್ತಕ ಬರೆದು, ಸಿಡಿಗುಂಡಿಗಿಂತ ವಿಷಾನಿಲವೇ ಹೆಚ್ಚು ಮಾನವೀಯವೆಂದು ವಾದಿಸಿದರು. ಸತ್ತವರ ಪ್ರಮಾಣ ಕಡಿಮೆಯೆಂಬುದೇ ಆಧಾರ. ನಾವು ಇದನ್ನು ಒಪ್ಪಲಾರೆವು. ಆ ಯುದ್ಧದಲ್ಲಿ ವಿಷಾನಿಲಕ್ಕೆ ತುತ್ತಾದವರು ಸುಮಾರು 13 ಲಕ್ಷ, ಮಡಿದವರು ಸುಮಾರು 90 ಸಾವಿರ ಎಂದು ಅಂದಾಜು. ಉಳಿದವರಲ್ಲಿ ಎಷ್ಟೋ ಮಂದಿ ಕೆಮ್ಮುತ್ತ, ಏದುತ್ತ ಬಾಳು ಸವೆಸಿದರು. ಅವರನ್ನು ‘ಬದುಕುಳಿದವರು’ ಎಂಬ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳುವುದು ಕರುಣೆಯಲ್ಲ.

ಸಾಸಿವೆ ಅನಿಲದ ಕಥೆ ಇನ್ನೂ ಘೋರ. ತಗಲಿದಾಗ ನೋವಿಲ್ಲ, ಗಂಟೆಗಳು ಕಳೆದ ಮೇಲೆ ಬೊಬ್ಬೆಗಳೇಳುತ್ತವೆ. ಬೆವರಿದ ಮೈಯನ್ನು ಅದು ಮೊದಲು ಹಿಡಿಯುತ್ತದೆ. 1930ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿಗಳು ರಾವಲ್ಪಿಂಡಿಯಲ್ಲಿ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಭಾರತೀಯರ ಚರ್ಮಕ್ಕೆ ಹೆಚ್ಚು ಹಾನಿಯೋ, ಬ್ರಿಟಿಷರ ಚರ್ಮಕ್ಕೋ ಎಂಬುದು ಅವರ ಕುತೂಹಲ! ಶತ್ರುವಿನಿಂದಲ್ಲ, ತಾನು ಸೇವೆ ಸಲ್ಲಿಸಿದ ಸೇನೆಯಿಂದಲೇ ಸೈನಿಕ ಸುಟ್ಟುಕೊಂಡನು.

‘ಶತ್ರುವಿನಲ್ಲಿದ್ದರೆ ನಮ್ಮಲ್ಲೂ ಇರಲಿ’ ಎನ್ನುವವರು ಇಂದೂ ಉಂಟು. ಗಾಳಿಗೆ ದೇಶಭಕ್ತಿ ತಿಳಿಯದು. 1915ರ ಸೆಪ್ಟೆಂಬರಿನಲ್ಲಿ ಲೂಸ್ ಕದನದಲ್ಲಿ ಬ್ರಿಟಿಷರು ಬಿಟ್ಟ ಅನಿಲ ಅವರ ಸೈನಿಕರ ಮೇಲೆಯೇ ತಿರುಗಿತು. ನಮ್ಮ ದೇಶ 1993ರ ಒಪ್ಪಂದಕ್ಕೆ ಸಹಿಹಾಕಿ, 2009ರ ವೇಳೆಗೆ ತನ್ನ ದಾಸ್ತಾನನ್ನು ನಾಶಪಡಿಸಿದ್ದು ದೌರ್ಬಲ್ಯವಲ್ಲ, ವಿವೇಕ.

ಸೈನಿಕನು ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧನಾಗಿಯೇ ಹೊರಡುತ್ತಾನೆ. ಹಾಗೆಂದು ಅವನ ಉಸಿರನ್ನು ವಿಷವಾಗಿಸುವ ಹಕ್ಕು ಶತ್ರುವಿಗೂ ಇಲ್ಲ, ಸ್ವಂತ ಸರಕಾರಕ್ಕೂ ಇಲ್ಲ. ಮಕ್ಕಳನ್ನು ಸೇನೆಗೆ ಕಳುಹಿಸುವ ಮನೆಗಳು ಈ ಮಾತನ್ನು ಗಟ್ಟಿಯಾಗಿ ಆಡಬೇಕು.