ಕಣಕುಂಬಿಯ ಕಾಡು, ರಾಮದುರ್ಗದ ಹೊಲ

ಪ್ರತಿ ವರ್ಷ ಜೂನ್ 5ರಂದು ಶಾಲೆಗಳ ಅಂಗಳದಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತದೆ. ಭಾಷಣಗಳಾಗುತ್ತವೆ, ‘ಪರಿಸರ ಉಳಿಸಿ’ ಎಂಬ ಘೋಷಣೆ ಮೊಳಗುತ್ತದೆ. ಆದರೆ ಉಳಿಸಬೇಕಾದ ಪರಿಸರವೆಂದರೇನು, ಅದು ನಡೆಯುವ ಬಗೆ ಯಾವುದು ಎಂಬ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ಪರಿಸರವು ಕೊಡುಕೊಳ್ಳುವಿಕೆಯ ಒಂದು ವ್ಯವಸ್ಥೆ. ಆ ವ್ಯವಹಾರದ ಲೆಕ್ಕ ತಿಳಿಯದೆ ಅದನ್ನು ಉಳಿಸಲು ಸಾಧ್ಯವಿಲ್ಲ.

ಜೀವಿಗಳಿಗೂ ಅವುಗಳ ನೆಲೆಗೂ ಇರುವ ಸಂಬಂಧದ ಅಧ್ಯಯನಕ್ಕೆ ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ‘ಇಕಾಲಜಿ’ ಎಂಬ ಹೆಸರು ಕೊಟ್ಟರು. ಜೀವಿಗಳ ಜೊತೆಗೆ ಮಣ್ಣು, ನೀರು, ಗಾಳಿ, ಬಿಸಿಲುಗಳನ್ನೂ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದು ಇಂಗ್ಲೆಂಡಿನ ಆರ್ಥರ್ ಟಾನ್ಸ್ಲಿ 1935ರಲ್ಲಿ ಹೇಳಿದರು. ಈ ಪಾಠವನ್ನು ಕಲಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆಯೇ ಸಾಕು.

ಮೊದಲನೆಯದು ಶಕ್ತಿಯ ಪಾಠ. ಬೈಲಹೊಂಗಲದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿಸಿಲನ್ನು ಹಿಡಿದು ಆಹಾರ ಮಾಡುತ್ತದೆ. ಕಾಳನ್ನು ಇಲಿ ತಿನ್ನುತ್ತದೆ, ಇಲಿಯನ್ನು ಕೇರೆ ಹಾವು ಅಥವಾ ಗೂಬೆ ಹಿಡಿಯುತ್ತದೆ. ಒಂದೊಂದು ಮೆಟ್ಟಿಲು ಏರುವಾಗಲೂ ಸುಮಾರು ಹತ್ತನೆಯ ಒಂದು ಪಾಲು ಶಕ್ತಿ ಮಾತ್ರ ಮುಂದೆ ಸಾಗುತ್ತದೆ, ಉಳಿದುದು ಬದುಕಿನ ಖರ್ಚಿಗೆ, ಶಾಖಕ್ಕೆ ಹೋಗುತ್ತದೆ. ಆದ್ದರಿಂದಲೇ ಇಲಿಗಳು ಬಹಳ, ಗೂಬೆಗಳು ಕೆಲವೇ. ಒಂದು ಹಾವನ್ನು ಕೊಂದ ರೈತ ನೂರಾರು ಇಲಿಗಳಿಗೆ ಕಣಜದ ಬಾಗಿಲು ತೆರೆದಂತೆ.

ಎರಡನೆಯದು ಸಾರದ ಪಾಠ. ಶಕ್ತಿ ಒಮ್ಮೆ ಬಂದು ಹೋಗುವಂಥದು, ಮಣ್ಣಿನ ಸಾರ ಮಾತ್ರ ತಿರುಗಿ ಬರಬೇಕಾದುದು. ಉದುರಿದ ಎಲೆ, ಸಗಣಿ, ಸತ್ತ ಬೇರುಗಳನ್ನು ಗೆದ್ದಲು, ಎರೆಹುಳು, ಅಣಬೆ, ಸೂಕ್ಷ್ಮಾಣುಗಳು ಒಡೆದು ಮರಳಿ ಬೆಳೆಗೆ ಒಪ್ಪಿಸುತ್ತವೆ. ಕೂಲಿ ಕೇಳದ ಈ ದುಡಿಮೆಗಾರರ ಊಟವನ್ನೇ ನಾವು ಕಸಿಯುತ್ತಿದ್ದೇವೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಟ್ಟರೆ ಅದರಲ್ಲಿದ್ದ ಸಾರಜನಕ, ಇಂಗಾಲಗಳು ಹೊಗೆಯಾಗಿ ಹೋಗುತ್ತವೆ. ಅದೇ ಸಾರಜನಕವನ್ನು ಮರುತಿಂಗಳು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಮೂರನೆಯದು ನೀರಿನ ಪಾಠ. ಕಣಕುಂಬಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ರಾಮದುರ್ಗದಲ್ಲಿ 600ರ ಆಸುಪಾಸು. ಮೇಲಿನ ಕಾಡಿನ ತರಗೆಲೆ ಹಾಸು ಮಳೆಯನ್ನು ಹೀರಿ, ನೆಲಕ್ಕೆ ಇಳಿಸಿ, ಹಳ್ಳಗಳಿಗೆ ಮೆಲ್ಲನೆ ಬಿಡುತ್ತದೆ. ಹಾಸು ಹೋದರೆ ನೀರು ಮಣ್ಣನ್ನೂ ಕರೆದುಕೊಂಡು ಓಡುತ್ತದೆ. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ಸುಮಾರು 37 ಟಿಎಂಸಿ ಅಡಿ ನೀರಿಗಾಗಿ ಕಟ್ಟಿದ್ದು. ಅದರ ತಳದಲ್ಲಿ ಕೂತ ಹೂಳು ಬೇರೇನೂ ಅಲ್ಲ, ಮೇಲಿನ ಗುಡ್ಡಗಳ, ಹೊಲಗಳ ಮೇಲ್ಮಣ್ಣು. ಜಲಾಶಯ ಅನೇಕ ವರ್ಷ ತುಂಬಲಿಲ್ಲ. 2019ರ ಆಗಸ್ಟ್‌ನಲ್ಲಿ ತುಂಬಿ ಹರಿದಾಗ ರಾಮದುರ್ಗ ಮತ್ತು ನದಿದಂಡೆಯ ಹಳ್ಳಿಗಳು ಮುಳುಗಿದವು. ಅಂದಿನ ಮಳೆ ಅಸಾಧಾರಣವಾದುದು, ಎಂಥ ಕಾಡೂ ಅದನ್ನು ಪೂರ್ತಿ ತಡೆಯುತ್ತಿರಲಿಲ್ಲ ಎಂಬುದು ನಿಜ. ಆದರೆ ಬರವನ್ನೂ ನೆರೆಯನ್ನೂ ತುಸುವಾದರೂ ತಗ್ಗಿಸುವ ಶಕ್ತಿ ಇರುವುದು ನೀರು ಹಿಡಿದುಕೊಳ್ಳುವ ನೆಲಕ್ಕೆ ಮಾತ್ರ.

ಮಲೆನಾಡಿನವರಿಗೂ ಬಯಲಿನವರಿಗೂ ಇರುವ ಕಠಿಣ ಪ್ರಶ್ನೆ ಇಲ್ಲಿಯೇ ಇದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ನೀಡಿದ ತೀರ್ಪಿನಲ್ಲಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಲು ಅವಕಾಶವಿತ್ತಿದೆ. ಬಯಲಿನವರ ನೀರಡಿಕೆ ಸುಳ್ಳಲ್ಲ, ಅವರ ಬೇಡಿಕೆಯನ್ನು ಹಗುರವಾಗಿ ಕಾಣುವುದು ನ್ಯಾಯವೂ ಅಲ್ಲ. ಆದರೆ ಮಲಪ್ರಭೆಗೆ ನೀರು ಹುಟ್ಟಿಸುವುದೂ ಅದೇ ಘಟ್ಟದ ಕಾಡು. ಕಾಲುವೆಗಾಗಿ ಕಾಡನ್ನು ಕಳೆದುಕೊಂಡರೆ ಹಸುವನ್ನು ಮಾರಿ ಹಾಲಿನ ಗಡಿಗೆ ಕೊಂಡಂತಾದೀತು. ಯಾವುದೇ ಯೋಜನೆಯಲ್ಲಿ ಬರುವ ನೀರಿನ ಲೆಕ್ಕದ ಪಕ್ಕದಲ್ಲಿ ಹೋಗುವ ಕಾಡಿನ ಲೆಕ್ಕವನ್ನೂ ಬರೆಯಬೇಕೆಂಬುದೇ ನಮ್ಮ ಆಗ್ರಹ.

ಬಯಲಿನವರಿಗೂ ಒಂದು ಮಾತು. ಸವದತ್ತಿ, ರಾಮದುರ್ಗಗಳ ಗುಡ್ಡ, ಮಡ್ಡಿಗಳನ್ನು ‘ಬಂಜರು’ ಎಂದು ಕರೆಯುವುದು ರೂಢಿ. ಬಾರಿ, ಕಾರೆ, ಜಾಲಿಗಳ ಕುರುಚಲು ಮತ್ತು ಹುಲ್ಲು ಆ ನೆಲದ ಸಹಜ ಉಡುಗೆ. ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ, ಕುರಿಗಾರರ ಹಿಂಡು ಅದರಿಂದಲೇ ಬದುಕುತ್ತದೆ, ತೋಳ, ನರಿ, ಮೊಲಗಳಿಗೆ ಅದೇ ಮನೆ. ಪ್ರತಿ ಬೇಸಿಗೆ ಅದಕ್ಕೆ ಬೆಂಕಿ ಹಚ್ಚುವುದೂ ತಪ್ಪು, ಹುಲ್ಲನ್ನು ಕಿತ್ತು ನೀಲಗಿರಿ ನೆಟ್ಟು ಹಸಿರಾಯಿತೆನ್ನುವುದೂ ತಪ್ಪು. ಕಣಕುಂಬಿಗೆ ತಕ್ಕುದು ರಾಮದುರ್ಗಕ್ಕೆ ತಕ್ಕುದಲ್ಲ.

ವಿದ್ಯಾರ್ಥಿ ಮಿತ್ರರು ಈ ಮುಂಗಾರಿನಲ್ಲಿ ತಮ್ಮೂರಿನ ಹಳ್ಳದ ದಂಡೆಯಲ್ಲಿ ನಿಂತು ಹರಿಯುವ ನೀರಿನ ಬಣ್ಣವನ್ನು ನೋಡಲಿ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರನ್ನು ತುಂಬಿಟ್ಟು, ಮರುದಿನ ತಳದಲ್ಲಿ ಎಷ್ಟು ಮಣ್ಣು ಕೂತಿದೆಯೆಂದು ಅಳೆದು ಬರೆದಿಡಲಿ. ರೈತ ಬಾಂಧವರು ಒಡ್ಡು, ಬದುಗಳನ್ನು ಸರಿಪಡಿಸಿಕೊಂಡು, ರವದಿಯನ್ನು ಹೊಲದಲ್ಲಿಯೇ ಕೊಳೆಯಲು ಬಿಡಲಿ. ಹಳ್ಳದ ನೀರು ತಿಳಿಯಾಗಿ ಹರಿದ ವರ್ಷ ನಮ್ಮ ಮಣ್ಣು ನಮ್ಮಲ್ಲಿಯೇ ಉಳಿಯಿತೆಂದು ತಿಳಿಯಬೇಕು. ನೆಟ್ಟ ಸಸಿಗಳ ಸಂಖ್ಯೆಗಿಂತ ನಂಬಬಹುದಾದ ವರದಿ ಅದು.

– ಸಂಪಾದಕ ಮಂಡಳಿ