ಅಂಕೆಗಳ ಕಂಠಾಭರಣ

ವಾಚಕರು ಈ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ನೋಡಬೇಕು: ೧೨೩೪೫೬೫೪೩೨೧. ಬಾಯಿಂದ ಓದಿದರೆ ಇದು ಸಾವಿರದ ಇನ್ನೂರ ಮೂವತ್ತುನಾಲ್ಕು ಕೋಟಿ, ಐವತ್ತಾರು ಲಕ್ಷದ ಐವತ್ತುನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಆ ಮಾತಿನಲ್ಲಿ ಯಾವ ಸೊಗಸೂ ಕೇಳಿಸದು. ಬರೆದಾಗಲಷ್ಟೆ, ಒಂದರಿಂದ ಆರರವರೆಗೆ ಏರಿ ಪುನಃ ಒಂದಕ್ಕೆ ಇಳಿಯುವ ಸಾಲು ಕಣ್ಣಿಗೆ ಬೀಳುವುದು.

ಕ್ರಿ. ಶ. ೮೫೦ರ ಸುಮಾರಿನಲ್ಲಿ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥವಾದ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯನ್ನು ಹೇಳಿರುವನು. ಗ್ರಂಥಾರಂಭದಲ್ಲಿ ಆತನು ಸ್ತುತಿಸಿರುವ ದೊರೆ ಮಾನ್ಯಖೇಟದ ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ'ದ ನೆಪದಿಂದ ನೃಪತುಂಗನನ್ನು ಎಲ್ಲರೂ ಬಲ್ಲರು. ಗಣಿತದ ನೆಪದಿಂದ ಸ್ಮರಿಸುವವರು ವಿರಳ. ಗುಣಾಕಾರದ ಉದಾಹರಣೆಗಳಲ್ಲಿ ಆಚಾರ್ಯನು ಇಂಥ ಚೆಲುವಾದ ಲಬ್ಧಗಳನ್ನು ಕಂಠಾಭರಣಕ್ಕೆ ಹೋಲಿಸುವನು. ೧೪೨೮೫೭೧೪೩ನ್ನು ಏಳರಿಂದ ಗುಣಿಸಿ ನೋಡಿರಿ: ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ.

ನಮ್ಮ ಸಂಖ್ಯೆಯನ್ನು ಆತನು ಕೋಟಿ ಲಕ್ಷಗಳಿಂದ ಹೆಸರಿಸದೆ, ಒಂದು ಮೊದಲಾಗಿ ಆರರವರೆಗೆ ಹೋಗಿ ಕ್ರಮವಾಗಿ ಕುಂದುವುದು ಎಂಬ ಭಾವದಲ್ಲಿ ವರ್ಣಿಸಿರುವನು. ನನಗೆ ಮುಖ್ಯವೆನಿಸುವುದು ಇದೇ. ಅಂಕೆಯ ಬೆಲೆ ಅದು ನಿಂತ ಸ್ಥಾನದಿಂದ ಎಂಬುದು ರಕ್ತಗತವಾಗದವನಿಗೆ ಹೀಗೆ ನುಡಿಯಲು ಬಾರದು. ಸ್ಥಾನಕ್ರಮವು ಆತನಿಗಿಂತ ಬಹು ಹಳೆಯದು, ನಿಜ. ಆರ್ಯಭಟನ ಕಾಲ ೪೯೯, ಬ್ರಹ್ಮಗುಪ್ತನದು ೬೨೮. ಆದರೆ ಇಲ್ಲಿ ಅದು ವಿನೋದಕ್ಕೂ ಒದಗುವಷ್ಟು ಮನೆಮಾತಾಗಿದೆ. ಸ್ಥಾನಗಳ ಹೆಸರುಗಳಾದರೋ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಭಾಸ್ಕರನ 'ಲೀಲಾವತಿ'ಯಲ್ಲಿ ಅರ್ಬುದವೆಂದರೆ ಹತ್ತು ಕೋಟಿ; ಮಹಾವೀರನ ಇಪ್ಪತ್ತುನಾಲ್ಕು ಸ್ಥಾನಗಳಲ್ಲಿ ಅದು ಸಾವಿರ ಕೋಟಿ, ಅಂದರೆ ಹನ್ನೊಂದನೆಯದು. ನಮ್ಮ ಮಾಲೆಯ ಮೊದಲ ಮಣಿ ಕುಳಿತಿರುವುದು ಅಲ್ಲಿಯೇ.

ಆತನ ಲೆಕ್ಕದಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಈ ಮಾಲೆ ದೊರೆಯುವುದು. ಇಷ್ಟು ಒರಟಾದ ಸಂಖ್ಯೆಗಳಿಂದ ಇಷ್ಟು ನಯವಾದ ಲಬ್ಧವೆಂತು? ೪೪೧ ಎಂಬುದು ೨೧ರ ವರ್ಗ. ಇನ್ನೊಂದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಆದುದರಿಂದ ನಮ್ಮ ಸಂಖ್ಯೆಯು ಆರು ಒಂದುಗಳ ವರ್ಗವೇ ಹೊರತು ಬೇರೆಯಲ್ಲ. ಆ ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳು ಸಿಕ್ಕುವುವು. ಮಾಲೆಯನ್ನು ಇವುಗಳಲ್ಲಿ ಯಾವುದರಿಂದ ಬೇಕಾದರೂ ಎರಡೆರಡು ಸಲ ಶೇಷವಿಲ್ಲದೆ ಭಾಗಿಸಬಹುದು.

ಏರಿಳಿತದ ಕಾರಣವನ್ನು ಮಕ್ಕಳಿಂದಲೇ ಹುಡುಕಿಸಿರಿ. ೧೧೧೧೧೧ನ್ನು ಒಂದರ ಕೆಳಗೊಂದರಂತೆ ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆಯಲಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಆರನೆಯದರಲ್ಲಿ ಆರು, ಆಮೇಲೆ ಇಳಿತ. ಎಲ್ಲಿಯೂ ದಶಕ ತೆಗೆದುಕೊಂಡು ಹೋಗುವ ಪ್ರಸಂಗವಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ ನಡೆಯುವುದು. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುಗಂಬದಲ್ಲಿ ಹತ್ತು ಬೀಳುವುದು. ಅಲ್ಲಿ ಸೊನ್ನೆ ನಿಂತು, ದಶಕವು ಎಡದ ಒಂಬತ್ತನ್ನೂ ಹತ್ತಾಗಿಸುವುದು, ಅದರ ದಶಕವು ಎಂಟನ್ನು ಒಂಬತ್ತಾಗಿಸುವುದು. ಆಗ ಬರುವ ಉತ್ತರ ೧೨೩೪೫೬೭೯೦೦೯೮೭೬೫೪೩೨೧: ಏರುವ ಕಡೆ ಎಂಟೇ ಇಲ್ಲ, ನಡುವೆ ಎರಡು ಸೊನ್ನೆ.