ಡಬ್ಬಿಯ ಚೀಟಿ ನಂಬಬೇಡಿ

ಮೂಡಲಗಿಯ ವಿದ್ಯಾರ್ಥಿಯೊಬ್ಬ ಗೋಕಾಕ ಜಲಪಾತವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತಂದನೆನ್ನಿ. ಮನೆಯ ಕಂಪ್ಯೂಟರಿಗೆ ಹಾಕಿದರೆ 52 ಮೀಟರ್ ಧುಮುಕುವ ನೀರಿನ ಭೋರ್ಗರೆತ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಹುಕ್ಕೇರಿಯ ಗೆಳೆಯನ ಕಂಪ್ಯೂಟರಿನಲ್ಲಿ ಅದೇ ಫೈಲ್ ಸರಾಗ! ‘ಹೊಸದು ಕೊಡಿಸಿ’ ಎಂಬ ಬೇಡಿಕೆ ಅಪ್ಪನ ಮುಂದೆ ಬರುವುದು ಆಗಲೇ. ಪಾಲಕರು ತುಸು ತಾಳಬೇಕು.

ಎಂಪಿ4 ಎಂಬುದು ಬರೀ ಡಬ್ಬಿ. ಒಳಗಿನ ದೃಶ್ಯವನ್ನು ಅಡಕಗೊಳಿಸುವ ಕ್ರಮವೇ ಕೋಡೆಕ್. 2003ರ ಎಚ್.264 ಬಹುತೇಕ ಎಲ್ಲೆಡೆ ನಡೆಯುತ್ತದೆ. ಜಾಗ ಉಳಿಸಲೆಂದು ಅನೇಕ ಮೊಬೈಲುಗಳು ಬಳಸುವ, 2013ರಲ್ಲಿ ಬಂದ ಎಚ್.265 ಹಾಗಲ್ಲ, ಅದನ್ನು ಬಿಡಿಸುವ ತಂತ್ರಾಂಶ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಫೈಲಿನ ಹೆಸರಿನ ಬಾಲ ಬದಲಿಸುವುದು ವ್ಯರ್ಥ ಕಸರತ್ತು. ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಕರದಂಟು ಕುಂದಾ ಆದೀತೆ?

ಉಚಿತವಾಗಿ ಸಿಗುವ ವಿಎಲ್‌ಸಿ ಈ ಬಿಡಿಸುವ ಸಲಕರಣೆಯನ್ನು ತಾನೇ ಹೊತ್ತು ತರುತ್ತದೆ. ಆಪ್ ಬರೆಯುವ ಮಕ್ಕಳು ಎಡವುವುದು ಇಲ್ಲೇ. ವಿಎಲ್‌ಸಿಯಲ್ಲಿ ಓಡಿದ್ದು ತಮ್ಮ ಆಪ್‌ನಲ್ಲಿ ಓಡದಿದ್ದರೆ ರಾತ್ರಿಯಿಡೀ ಕೋಡ್ ತಿದ್ದುತ್ತಾರೆ. ಆಪ್ ಸಾಮಾನ್ಯವಾಗಿ ನೆಚ್ಚುವುದು ಕಂಪ್ಯೂಟರಿನಲ್ಲಿರುವ ಕೋಡೆಕ್ಕನ್ನು. ವಿಎಲ್‌ಸಿಯ ಕೋಡೆಕ್ ಮಾಹಿತಿಯಲ್ಲಿ ಎಚ್.265 ಅಥವಾ ಎಚ್‌ಇವಿಸಿ ಎಂದಿದ್ದರೆ, ಉಚಿತ ಹ್ಯಾಂಡ್‌ಬ್ರೇಕ್ ಬಳಸಿ ಎಚ್.264ಕ್ಕೆ ಬದಲಿಸಿ. ಹೊಸ ಫೈಲ್ ಓಡುವುದನ್ನು ಕಣ್ಣಾರೆ ನೋಡುವವರೆಗೆ ಮೂಲವನ್ನು ಅಳಿಸಬೇಡಿ.